ವೆನಿಲ್ಲಾ ಬಳ್ಳಿಯ ತಾರೀಖು

ನನ್ನ ಅತ್ತೆ ಹಿರೇಕೊಡಿಗೆಯ ಆ ಮನೆಗೆ ಸೊಸೆಯಾಗಿ ಬಂದಮೇಲೆ ಯಾರನ್ನೂ ಕೇಳದೆ ನೆಟ್ಟದ್ದು ಎಂದರೆ ವೆನಿಲ್ಲಾ ಬಳ್ಳಿ ಒಂದೇ. ಉಳಿದದ್ದೆಲ್ಲ ಅವರ ಮಾವನೋ ಗಂಡನೋ ನೆಟ್ಟದ್ದು. ಎರಡು ಸಾವಿರದ ಇಸವಿ ದಾಟಿದ ಹೊಸತು. ವೆನಿಲ್ಲಾಕ್ಕೆ ಭಾರೀ ಬೆಲೆ ಬಂದಿದೆ ಎಂದು ಕೊಪ್ಪ, ಶೃಂಗೇರಿ ಕಡೆಯವರೆಲ್ಲ ಒಬ್ಬರನ್ನು ನೋಡಿ ಒಬ್ಬರು ಬಳ್ಳಿ ತಂದು ನೆಡುತ್ತಿದ್ದ ಕಾಲ. ಅತ್ತೆಯೂ ತವರಿಗೆ ಹೋದವರು ಒಂದು ಕಟ್ಟು ಬಳ್ಳಿ ತಂದು ಹಿತ್ತಲಿನಲ್ಲಿ ಸೊಪ್ಪಿಗೆಂದು ಬೆಳೆಸಿದ್ದ ಗೊಬ್ಬರದ ಗಿಡಗಳ ಬುಡಕ್ಕೆ ಸಾಲಾಗಿ ನೆಟ್ಟರು. ನನ್ನ ಮಾವ ಅದನ್ನು ನೋಡಿ "ಹೆಂಗಸರ ಆಟ" ಎಂದು ನಕ್ಕು ಸುಮ್ಮನಾದರು. ಅತ್ತೆ ಕೇಳಿಸದವರ ಹಾಗೆ ವರ್ಷಗಟ್ಟಲೆ ಬುಡಕ್ಕೆ ತರಗೆಲೆ ಹಾಕಿ, ಬಳ್ಳಿ ಮೇಲೆ ಹೋದರೆ ಬಾಗಿಸಿ ಇಳಿಬಿಟ್ಟು, ಮಕ್ಕಳನ್ನು ಸಾಕಿದ ಹಾಗೆ ಸಾಕಿದರು.

ನಾನು ಆ ಮನೆಗೆ ಬಂದು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಕೊಪ್ಪದ ಪೇಟೆಯಲ್ಲಿ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೇ ಮನೆ. ನನ್ನದೊಂದು ಕೆಟ್ಟ ಬುದ್ಧಿ ಇದೆ. ಏನಾದರೂ ಅರ್ಥವಾಗದೆ ಉಳಿದರೆ ನನಗೆ ಊಟ ಸೇರುವುದಿಲ್ಲ. ಪಕ್ಕದ ಮನೆಯವರು ಜೀಪಿನಲ್ಲಿ ಎಲ್ಲಿಗೆ ಹೋದರು ಎಂಬುದರಿಂದ ಹಿಡಿದು ಗೋಡೆಗಡಿಯಾರ ಯಾಕೆ ಹಿಂದೆ ಬೀಳುತ್ತದೆ ಎಂಬುದರವರೆಗೆ ಎಲ್ಲ ತಿಳಿಯಬೇಕು. "ನಿನ್ನ ಮೂಗು ನಿನಗಿಂತ ಒಂದು ಮಾರು ಮುಂದೆ ಹೋಗ್ತದೆ ಮಾರಾಯ್ತಿ" ಎಂದು ಗಂಡ ಛೇಡಿಸುತ್ತಿದ್ದರು. ಅದು ಸುಳ್ಳೇನೂ ಅಲ್ಲ.

ವೆನಿಲ್ಲಾದ ಸಂಗತಿ ಕೇಳಿದಾಗ ನನ್ನ ಮೂಗಿಗೆ ಹಬ್ಬವಾಯಿತು. ಅದರ ತವರು ಮೆಕ್ಸಿಕೋ. ಅಲ್ಲಿ ಆ ಹೂವಿನೊಳಗೆ ಹೊಕ್ಕು ಬರುವ ಜೇನುಹುಳ ನಮ್ಮ ಕಡೆ ಇಲ್ಲ. ಹಾಗಾಗಿ ಹುಳದ ಕೆಲಸವನ್ನು ಮನುಷ್ಯರೇ ಮಾಡಬೇಕು. ಹೂವು ನಸುಕಿಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ತೆಂಗಿನ ಗರಿಯ ಕಡ್ಡಿಯಿಂದ ಹೂವಿನೊಳಗಿನ ಸಣ್ಣ ಪರದೆಯನ್ನು ಎತ್ತಿ, ಪರಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಅತ್ತೆ ಇದಕ್ಕೆ "ಮದುವೆ ಮಾಡ್ಸೋದು" ಎನ್ನುತ್ತಿದ್ದರು. ಇನ್ನೂ ವಿಚಿತ್ರವೆಂದರೆ, ಕಾಯಿ ಒಂದೆರಡು ತಿಂಗಳಿಗೇ ಪೂರ್ತಿ ಉದ್ದಕ್ಕೆ ಬೆಳೆದುಬಿಡುತ್ತದೆ. ಆಮೇಲೆ ಬೀನ್ಸಿನ ಹಾಗೆ ಹಸಿರಾಗಿ ನೇತಾಡುತ್ತ, ಹೊರಗೆ ಏನೂ ತೋರಿಸದೆ ಒಳಗೊಳಗೇ ಬಲಿಯುತ್ತದೆ. ಮದುವೆಯಾಗಿ ಒಂಬತ್ತು ತಿಂಗಳು ತುಂಬಬೇಕು. ಮೊದಲೇ ಕೊಯ್ದರೆ ಪರಿಮಳವಿಲ್ಲ, ತಡವಾದರೆ ತುದಿ ಸೀಳಿ ಹಾಳು. ಬರೀ ಕಣ್ಣಿನಿಂದ ನೋಡಿ ಹೇಳುವುದು ಕಷ್ಟ, ದಿನ ಗೊತ್ತಿದ್ದರೆ ಮಾತ್ರ ಸಲೀಸು.

ಬಳ್ಳಿಯ ತುಂಬ ಮೊದಲ ಸಲ ಮೊಗ್ಗು ಬಂದ ವರ್ಷ ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಲಗೈಯ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಹಾಕಿಸಿಕೊಂಡು ಬಂದವರು ನೋವಿಗೆ ಅಳಲಿಲ್ಲ, ಹಿತ್ತಲಿಗೆ ಹೋಗಿ ಮೊಗ್ಗು ನೋಡಿ ಅತ್ತರು. ನಾನು ಬೆಳಿಗ್ಗೆಯೇ ಬಸ್ಸು ಹತ್ತುವವಳು. ಗಂಡನಿಗೆ ಆ ಸೂಕ್ಷ್ಮ ಕೆಲಸ ಒಗ್ಗದು, ಒತ್ತಿದ ಹೂವೆಲ್ಲ ಕೈಗೇ ಬಂತು. ಮಾವನನ್ನಂತೂ ಕೇಳುವ ಹಾಗೇ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಆ ಹುಡುಗಿ ಬಂದಳು. ಅಮೆರಿಕದವಳು, ಕಪ್ಪೆಗಳ ಬಗ್ಗೆ ಓದುತ್ತಿದ್ದವಳು. ಬೇಸಿಗೆಯಲ್ಲಿ ಕಪ್ಪೆಗಳು ಎಲ್ಲಿ ಅಡಗಿಕೊಳ್ಳುತ್ತವೆ ಎಂದು ಬಸರೀಕಟ್ಟೆ ಕಡೆಯ ಹಳ್ಳಗಳಲ್ಲಿ ಹುಡುಕುವುದು ಅವಳ ಕೆಲಸ. ಉಳಿಯಲು ಒಂದು ಮನೆ ಬೇಕೆಂದು ಗಂಡನ ಸ್ನೇಹಿತರಾದ ಮೇಷ್ಟರೊಬ್ಬರು ಕೇಳಿದ್ದರು. ಶಿವರಾತ್ರಿಯ ಹಿಂದಿನ ದಿನ, ಮನೆಯೆಲ್ಲ ತೊಳೆದು ನೆಲ ಇನ್ನೂ ಒಣಗುವ ಮೊದಲೇ ಬಂದು, ಒದ್ದೆ ನೆಲ ನೋಡಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದಳು. ಅತ್ತೆಗೆ ಅವಳು ಆ ಗಳಿಗೆಗೇ ಹಿಡಿಸಿದಳು. ಎರಡನೇ ದಿನಕ್ಕೆ "ಕೂಸೇ" ಎಂದು ಕರೆಯತೊಡಗಿದ್ದರು.

ಹೂವಿನ ಮದುವೆಯನ್ನು ಅತ್ತೆ ಅವಳಿಗೆ ಒಂದೇ ಕೈಯಲ್ಲಿ, ಮಾತಿಲ್ಲದೆ ಕಲಿಸಿದರು. ಕಪ್ಪೆಯ ಬೆರಳನ್ನು ಅಳೆಯುವ ಕೈ, ಚಕ್ಕನೆ ಕಲಿಯಿತು. ದಿನಾ ಬೆಳಿಗ್ಗೆ ಹಿತ್ತಲು ಮುಗಿಸಿಯೇ ಅವಳು ಹಳ್ಳಕ್ಕೆ ಹೋಗುವುದು. ಮಾವನ ಹಳೆಯ ಬಿಳಿ ಪ್ಲಾಸ್ಟಿಕ್ ಕ್ಯಾನನ್ನು ಕತ್ತರಿಸಿ ಚೂರು ಮಾಡಿ, ನೀರಿಗೆ ಅಳಿಸದ ತನ್ನ ಪೆನ್ನಿನಿಂದ ಒಂದೊಂದರ ಮೇಲೂ ಮದುವೆಯ ದಿನ ಬರೆದು, ಚೀಟಿಯ ಹಾಗೆ ಒಂದೊಂದು ಗೊಂಚಲಿಗೂ ಕಟ್ಟಿದಳು. ಏಪ್ರಿಲ್ ಮಧ್ಯದಲ್ಲಿ ಮೊದಲ ಮಳೆ ಬೀಳುವ ಹೊತ್ತಿಗೆ ಹೂವಿನ ಕಾಲವೂ ಮುಗಿಯಿತು, ಅವಳೂ ಊರಿಗೆ ಹೊರಟಳು. ಅತ್ತೆ ಒಂದು ವಾರ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ.

ನವೆಂಬರ್ ಬಂತು. ಚೀಟಿ ಓದುವ ಕೆಲಸವನ್ನು ಮಾವ ತಾವೇ ವಹಿಸಿಕೊಂಡರು. ಅವರು ಕಂದಾಯ ಇಲಾಖೆಯಿಂದ ನಿವೃತ್ತರಾದವರು. ಅಂಕಿ ಕಂಡರೆ ಕನ್ನಡಕ ಏರಿಸುತ್ತಾರೆ. ಕೆಲವು ಚೀಟಿಗಳಲ್ಲಿ 3/2 ಎಂದಿತ್ತು, ಕೆಲವದರಲ್ಲಿ 4/2. ಫೆಬ್ರವರಿ ಮೂರು, ಫೆಬ್ರವರಿ ನಾಲ್ಕು. ಒಂಬತ್ತು ತಿಂಗಳು ಸರಿಯಾಗಿ ತುಂಬಿತು ಎಂದು ಅಷ್ಟನ್ನು ಕೊಯ್ಯಿಸಿದರು. ಉಳಿದ ಚೀಟಿಗಳಲ್ಲಿ 2/25, 3/9, 3/18 ಎಂದೆಲ್ಲ ಇತ್ತು.

"ಇದೆಂಥ ತಾರೀಖು ಮಾವ?" ಎಂದು ಕೇಳಿದೆ.

"ತಾರೀಖಲ್ಲಮ್ಮ ಅದು. ಸೆಪ್ಟೆಂಬರಲ್ಲಿ ವೆನಿಲ್ಲಾ ಎಲ್ಲಿ ಹೂ ಬಿಡ್ತದೆ? ತಾರೀಖು ನೆನಪಿಲ್ಲದ ಕಡೆ ಸಾಲಿನ ನಂಬರು ಹಾಕಿ, ಪಕ್ಕದಲ್ಲಿ ಬಳ್ಳಿ ನಂಬರು ಹಾಕಿದಾಳೆ. ಸರ್ವೆ ನಂಬರು, ಹಿಸ್ಸೆ ನಂಬರು ಇದ್ದ ಹಾಗೆ," ಎಂದರು. ಹಿಸ್ಸೆ ಎಂದರೆ ಒಂದು ಸರ್ವೆ ನಂಬರಿನೊಳಗಿನ ಪಾಲು. ಜೀವಮಾನವೆಲ್ಲ ಜಮೀನಿನ ಪಹಣಿ ಓದಿದವರಿಗೆ ಗೀಟಿನ ಆಚೆ ಈಚೆ ಎರಡು ಅಂಕಿ ಕಂಡರೆ ಬೇರೆ ಏನು ಕಂಡೀತು! ಹುಡುಗಿ ನಮ್ಮ ಹಿತ್ತಲನ್ನು ಅಳೆದು ಪಾಲು ಮಾಡಿ ಹೋಗಿದ್ದಾಳೆ ಎಂದು ನಾವೆಲ್ಲ ನಕ್ಕೆವು. ಆದರೆ ಒಂದು ವಿಷಯ ನನ್ನ ತಲೆಯಲ್ಲಿ ಗುಂಯ್‌ಗುಡುತ್ತಲೇ ಇತ್ತು. ಒಂದು ಚೀಟಿಯೂ ಒಂದರಿಂದ ಶುರುವಾಗಿರಲಿಲ್ಲ. ಎರಡು, ಮೂರು, ನಾಲ್ಕು, ಅಷ್ಟೇ. ಮೊದಲನೇ ಸಾಲು ಯಾಕಿಲ್ಲ ಎಂದು ಕೇಳಿದರೆ ಮಾವ "ಅದು ಎಳೇ ಬಳ್ಳಿ" ಎಂದು ಬಾಯಿ ಮುಚ್ಚಿಸಿದರು.

ಕೊಯ್ದ ಕಾಯಿಯನ್ನು ಅತ್ತೆ ಕೇಳಿ ತಿಳಿದಿದ್ದ ಕ್ರಮದಲ್ಲೇ ಹದ ಮಾಡಿದರು. ಬಿಸಿನೀರಿನಲ್ಲಿ ಅದ್ದಿ ತೆಗೆದು, ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಬೆವರಿಸಿ, ದಿನಾ ಮಧ್ಯಾಹ್ನ ಸ್ವಲ್ಪ ಹೊತ್ತು ಬಿಸಿಲಿಗೆ ಹರಡಿ, ಮತ್ತೆ ಸುತ್ತಿ. ಕಾಯಿ ಕಾಫಿಪುಡಿಯ ಬಣ್ಣಕ್ಕೆ ತಿರುಗಿ, ಎಣ್ಣೆ ಹಚ್ಚಿದ ಹಾಗೆ ಮಿರುಗಬೇಕು. ನಮ್ಮದು ಸುಕ್ಕಾಗಿ ಕಡ್ಡಿಯಾಯಿತು, ಕೆಲವಕ್ಕೆ ಬೂಷ್ಟು ಬಂತು. ನರಸಿಂಹರಾಜಪುರದಿಂದ ಬಂದ ಏಲಕ್ಕಿ ವ್ಯಾಪಾರದ ಸಾಹೇಬರು ಒಂದು ಕಾಯನ್ನು ಬೆರಳಿಗೆ ಸುತ್ತಲು ನೋಡಿದರು, ಅದು ಪಟ್ಟನೆ ಮುರಿಯಿತು. ಮೂಸಿ ನೋಡಿ, ಅತ್ತೆಯ ಮುಖ ನೋಡಿ, ಹೇಳಲು ಸಂಕೋಚಪಟ್ಟರು.

"ಒಣಹುಲ್ಲಿನ ವಾಸ್ನೆ ಬರ್ತಿದೆ ಅಮ್ಮಾ. ಇದು ಬಲಿತಿಲ್ಲ. ಮಗೂನ ಏಳು ತಿಂಗಳಿಗೇ ಕರ್ಕೊಂಡು ಬಂದ ಹಾಗಾಗಿದೆ."

ಅವರು ಹೋದಮೇಲೆ ಮಾವ ಜಗಲಿಯಲ್ಲಿ ಕೂತು ತೀರ್ಪು ಕೊಟ್ಟರು. "ಚೀಟಿ ಪ್ರಕಾರವೇ ಕೊಯ್ದದ್ದು. ಒಂದೋ ಬಳ್ಳಿ ಜಾತಿ ಕೆಟ್ಟದ್ದು, ಇಲ್ಲ ಆ ಹುಡುಗಿ ಮನಸ್ಸಿಗೆ ಬಂದ ಹಾಗೆ ಗೀಚಿದ್ದು. ಬರೋ ವಾರ ಅಡಿಕೆ ಕೊಯ್ಲಿಗೆ ಆಳು ಬರ್ತಾರಲ್ಲ, ಕಡಿಸಿ ಹಾಕಿ ಮೆಣಸು ಹಬ್ಬಿಸೋಣ." ಅತ್ತೆ ಹೋರಾಡುತ್ತಾರೆ ಎಂದುಕೊಂಡಿದ್ದೆ. ಅವರು ಬೂಷ್ಟು ಹಿಡಿದ ಕಾಯನ್ನು ಮಡಿಲಲ್ಲಿ ಹಾಕಿಕೊಂಡು ಹೋಗಿ ಗೊಬ್ಬರದ ಗುಂಡಿಗೆ ಚೆಲ್ಲಿ ಬಂದರು. ನನಗೆ ಮಾವನ ಮೇಲೆ ಸಿಟ್ಟು ಬಂತು. ಆದರೆ ಸಿಟ್ಟಿಗೆ ಆಧಾರ ಬೇಕಲ್ಲ, ಅದು ನನ್ನ ಹತ್ತಿರ ಇರಲಿಲ್ಲ.

ಆ ಭಾನುವಾರವೇ ಹುಡುಗಿಯ ಫೋನ್ ಬಂತು. ಆಗಾಗ ಮಾಡುತ್ತಿದ್ದಳು. ನಾನು ಎತ್ತಿದೆ. ಕಾಯಿ ಹೇಗಿದೆ ಎಂದಳು, ಚೆನ್ನಾಗಿದೆ ಎಂದೆ. ಅಮ್ಮನಿಗೆ ಕೊಡಿ ಎಂದಳು. ಅತ್ತೆ ಅಲ್ಲೇ ಎರಡು ಮಾರು ದೂರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ "ಇಲ್ಲ ಅನ್ನು" ಎಂದರು. ಅಮ್ಮ ಮನೆಯಲ್ಲಿಲ್ಲ ಎಂದೆ. ಯಾವಾಗ ಬರುತ್ತಾರೆ ಎಂದೂ ಕೇಳದೆ, ಸರಿ ಎಂದು ಇಟ್ಟಳು. ಅತ್ತೆ ಅವರೆಕಾಳನ್ನು ಸಿಪ್ಪೆಯ ರಾಶಿಗೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕುತ್ತಿದ್ದರು.

ಮಾರನೇ ದಿನ ಕ್ಲಾಸಿನಲ್ಲಿ ಹೊಸ ಮಕ್ಕಳಿಗೆ ಹುಟ್ಟಿದ ದಿನ ಟೈಪ್ ಮಾಡುವುದನ್ನು ಕಲಿಸುತ್ತಿದ್ದೆ. ಒಬ್ಬಳು ಫೆಬ್ರವರಿ ನಾಲ್ಕಕ್ಕೆಂದು 4/2 ಎಂದು ಹೊಡೆದಳು. ಪರದೆಯ ಮೇಲೆ ಏಪ್ರಿಲ್ ಎರಡು ಎಂದು ಬಂತು. ಇದು ನಮ್ಮ ಕ್ಲಾಸಿನಲ್ಲಿ ದಿನಬೆಳಗಾದರೆ ನಡೆಯುವ ಕತೆ. ಹನ್ನೆರಡರ ಮೇಲಿನ ದಿನ ಮೊದಲು ಹೊಡೆದರೆ ಅದನ್ನು ತಾರೀಖೆಂದೇ ಆ ಯಂತ್ರ ಒಪ್ಪುತ್ತಿರಲಿಲ್ಲ. "ಅದರ ಹಟ ಅದು, ತಿಂಗಳು ಮೊದಲು ಹಾಕಮ್ಮ" ಎಂದು ಎಂದಿನಂತೆ ಹೇಳಿದೆ. ಹೇಳಿದವಳು ಅಲ್ಲೇ ನಿಂತೆ. ಇಷ್ಟು ದಿನ ಇದು ಕಂಪ್ಯೂಟರಿನ ಹಟ ಎಂದೇ ತಿಳಿದಿದ್ದೆ. ಅದನ್ನು ಮಾಡಿದ ಜನ ಹಾಗೆ ಬರೆಯುತ್ತಾರೆ, ಒಂದು ಇಡೀ ದೇಶ ತಿಂಗಳನ್ನೇ ಮೊದಲು ಬರೆಯುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಎರಡು, ಮೂರು, ನಾಲ್ಕು. ಫೆಬ್ರವರಿ, ಮಾರ್ಚ್, ಏಪ್ರಿಲ್. ಒಂದು ಇಲ್ಲ, ಯಾಕೆಂದರೆ ಜನವರಿಯಲ್ಲಿ ಅವಳು ನಮ್ಮ ಮನೆಯಲ್ಲಿ ಇರಲಿಲ್ಲ.

ಅವತ್ತು ಸಂಜೆಯ ಬಸ್ಸು ಹೋದಷ್ಟು ನಿಧಾನ ಇನ್ಯಾವತ್ತೂ ಹೋಗಿಲ್ಲ. ಮನೆಗೆ ಬಂದವಳು ಕಾಲು ತೊಳೆಯದೆ ಜಗಲಿಯಲ್ಲೇ ನಿಂತು ಮಾವನಿಗೆ ಹೇಳಿದೆ. ಅವರು ನಂಬಲಿಲ್ಲ.

"ತಿಂಗಳು ಮೊದಲು ಬರೆಯೋರು ಯಾರಾದ್ರೂ ಇದಾರಾ? ನಲವತ್ತು ವರ್ಷ ಕಾಗದ ನೋಡಿದೀನಿ ನಾನು."

"ಅಮೆರಿಕದ ಕಾಗದ ನೋಡಿದೀರಾ ಮಾವ?" ಎಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು, ಒಳಗಿಂದ ಅತ್ತೆ ಬಂದರು.

ಅವರಿಗೆ ಮತ್ತೆ ಮೊದಲಿಂದ ಹೇಳಿದೆ. ಚೀಟಿಯಲ್ಲಿ 4/2 ಇದ್ದದ್ದನ್ನು ನಾವು ಫೆಬ್ರವರಿ ನಾಲ್ಕು ಎಂದು ಓದಿದೆವು, ಅವಳು ಬರೆದದ್ದು ಏಪ್ರಿಲ್ ಎರಡು ಎಂದು. ಅತ್ತೆಯ ಲೆಕ್ಕದಲ್ಲಿ ಫೆಬ್ರವರಿ, ಮಾರ್ಚ್ ಎಂಬುದೆಲ್ಲ ಇಲ್ಲ. ಅವರದು ಹಬ್ಬ ಹುಣ್ಣಿಮೆಗಳ ಲೆಕ್ಕ. ಚೀಟಿ ಓದಿದ ನಮಗೆ ಹಬ್ಬದ ನೆನಪಿಲ್ಲ. ಒಂದೇ ಮನೆಯಲ್ಲಿ ಎರಡು ಪಂಚಾಂಗ, ಒಂದಕ್ಕೊಂದು ಮಾತಿಲ್ಲ.

"ಈ ವರ್ಷ ಶಿವರಾತ್ರಿ ಇಂಗ್ಲಿಷ್ ಲೆಕ್ಕದಲ್ಲಿ ಯಾವತ್ತು ಬಿತ್ತು?" ಎಂದು ಅತ್ತೆ ಕೇಳಿದರು.

ಗೋಡೆಯ ಕ್ಯಾಲೆಂಡರ್ ಮೊಳೆಯಿಂದ ಕಿತ್ತು ಹಾಳೆ ಹಿಂದೆ ಮಗುಚಿದೆ. ಫೆಬ್ರವರಿ ಹದಿನೆಂಟು.

"ಅವಳು ಬಂದದ್ದು ಶಿವರಾತ್ರಿ ಹಿಂದಿನ ದಿನ. ನಾನೇ ನೆಲ ಒಣಗಲಿ ನಿಲ್ಲು ಅಂದಿದೀನಿ. ಮತ್ತೆ ಫೆಬ್ರವರಿ ನಾಕಕ್ಕೆ ಅವಳು ಎಲ್ಲಿಂದ ಬಂದು ಚೀಟಿ ಕಟ್ತಾಳೆ?" ಅತ್ತೆ ಇದನ್ನು ನನಗೆ ಹೇಳಲಿಲ್ಲ, ಮಾವನ ಮುಖ ನೋಡಿಕೊಂಡು ಹೇಳಿದರು. "ಬಳ್ಳಿಗೆ ಕತ್ತಿ ತಾಗಿಸಿದ್ರೆ ನಾನು ಸುಮ್ನಿರೂದಿಲ್ಲ."

ಅವರು ಗಂಡನಿಗೆ ಹೀಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮಾವ ಕನ್ನಡಕ ಸರಿಮಾಡಿಕೊಂಡು, ಬ್ಯಾಟರಿ ಹಿಡಿದು ಹಿತ್ತಲಿಗೆ ನಡೆದರು. ನಾವು ಹಿಂದೆಯೇ ಹೋದೆವು. ಅವರು 3/18ರ ಲೆಕ್ಕ ನೋಡಲು ಮೂರನೇ ಸಾಲಿನ ಬಳ್ಳಿಗಳನ್ನು ಒಂದೊಂದಾಗಿ ಎಣಿಸಿದರು. ಹದಿನೆಂಟನೇ ಬಳ್ಳಿ ಬರುವ ಮೊದಲೇ ಸಾಲು ಮುಗಿದು ಬೇಲಿ ಬಂತು. 2/25 ಎಂದಿದ್ದ ಗೊಂಚಲಿಗೆ ಬೆಳಕು ಬಿಟ್ಟರು. ಕಾಯಿಗಳ ತುದಿಯಲ್ಲಿ ಅರಿಶಿನದ ಬಣ್ಣ ಸಣ್ಣಗೆ ಇಳಿದಿತ್ತು, ಒಂದು ಆಗಲೇ ಸೀಳಲು ಶುರುವಾಗಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಎಲ್ಲ ಹೋಗುತ್ತಿತ್ತು. ಮಾರನೇ ಬೆಳಿಗ್ಗೆ ಫೆಬ್ರವರಿಯವನ್ನು ಕೊಯ್ದೆವು, ಉಳಿದವನ್ನು ಅವಳ ಲೆಕ್ಕದಂತೆ ಒಂದೊಂದಾಗಿ ಕಾದು ಕೊಯ್ದೆವು.

ಕಾಯಿ ಕಂಬಳಿಯಲ್ಲಿ ಬೆವರುತ್ತಿದ್ದ ಆ ದಿನಗಳಲ್ಲಿ ನನಗೆ ತಾರೀಖಿನ ಹುಚ್ಚೇ ಹಿಡಿಯಿತು. ಮನೆಯಲ್ಲಿದ್ದ ಡಬ್ಬಿ, ಬಾಟಲಿ, ಬ್ಯಾಟರಿ ಎಲ್ಲವನ್ನೂ ತಿರುಗಿಸಿ ನೋಡಿದೆ. ಗಂಡನ ಚೀನಾ ರೇಡಿಯೋದ ಹಿಂದೆ ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ. ಇದೇನು ತಲೆಕೆಳಗು ಎಂದುಕೊಂಡು, ಕಪಾಟಿನಲ್ಲಿದ್ದ ನಮ್ಮದೇ ಮದುವೆಯ ಕರೆಯೋಲೆ ತೆಗೆದು ನೋಡಿದರೆ ಅದರಲ್ಲೂ ಹಾಗೇ! ಮೊದಲು ಸಂವತ್ಸರ, ಆಮೇಲೆ ಮಾಸ, ಪಕ್ಷ, ಕೊನೆಗೆ ತಿಥಿ. ಬಾಯಿಂದ ಹೇಳುವಾಗಲೂ ನಾವು "ಮಾರ್ಚ್ ಹತ್ತಕ್ಕೆ ಬನ್ನಿ" ಎನ್ನುತ್ತೇವೆ, ತಿಂಗಳೇ ಮೊದಲು. ಆ ಹುಡುಗಿ ಆಡಿದ ಹಾಗೆ ಬರೆದಿದ್ದಳು. ಆಡುವುದೊಂದು, ಬರೆಯುವುದೊಂದು ಮಾಡುತ್ತಿದ್ದವರು ನಾವೇ. ಅಷ್ಟಾಗಿಯೂ ವಿಚಿತ್ರ ಅವಳದ್ದು ಎಂದು ನಗುತ್ತಿದ್ದೆವು.

ಸಾಹೇಬರು ಇನ್ನೊಮ್ಮೆ ಬಂದಾಗ ಅವರಿಗೂ ಇದನ್ನು ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. "ನಮ್ಮ ಮುಸ್ಲಿಮರಲ್ಲಿ ಕೇಳಿದ್ರೆ ಇನ್ನೂ ತಲೆ ಕೆಡ್ತದೆ ನಿಮ್ಗೆ. ಸಂಜೆ ಸೂರ್ಯ ಮುಳುಗಿದ್ರೆ ನಮ್ಗೆ ಆಗ್ಲೇ ನಾಳೆ ಶುರು," ಎಂದರು. ಅತ್ತೆಗೆ ಸೂರ್ಯ ಹುಟ್ಟುವವರೆಗೂ ನಿನ್ನೆಯೇ. ನನ್ನ ಕಂಪ್ಯೂಟರಿಗೆ ಮಧ್ಯರಾತ್ರಿ. ಹೀಗೆ ಮಾತಾಡುತ್ತಲೇ ಅವರು ಕಂಬಳಿ ಬಿಡಿಸಿ ಒಂದು ಕಾಯಿ ಎತ್ತಿಕೊಂಡರು. ಅದು ಬೆರಳಿಗೆ ದಾರದ ಹಾಗೆ ಸುತ್ತಿಕೊಂಡಿತು. ಮೂಸಿದವರು ಕಣ್ಣು ಮುಚ್ಚಿ ಹಾಗೇ ನಿಂತರು. ಮೂಸಿ ನೋಡುವುದೇನು, ಇಡೀ ಜಗಲಿಗೆ ಪರಿಮಳ ಹರಡಿತ್ತು.

"ಬೆಲೆ ಬಿದ್ದಿದೆ ಅಮ್ಮಾ, ಸುಳ್ಳು ಹೇಳೂದಿಲ್ಲ. ಆದ್ರೆ ಮಾಲು ಅಂದ್ರೆ ಇದು," ಎಂದರು.

ಬೆಲೆ ಬಿದ್ದದ್ದು ನಿಜ. ಆ ವರ್ಷ ಸುತ್ತಮುತ್ತಲಿನವರು ಬಹಳ ಜನ ಬಳ್ಳಿ ಕಿತ್ತು ಹಾಕಿದರು. ನಮ್ಮ ಮನೆಯಲ್ಲಿ ಮಾತ್ರ ಕಡಿಯುವ ಮಾತನ್ನು ಮಾವ ಮತ್ತೆ ಎತ್ತಲಿಲ್ಲ. ಅತ್ತೆ ಒಂದು ಕಾಯನ್ನು ಪೂಜೆಯ ಜಾಗದಲ್ಲಿ ಇಟ್ಟು, ನನ್ನ ಹತ್ತಿರ ಬಂದು, "ಆ ಕೂಸಿಗೆ ಫೋನ್ ಮಾಡೂಕೆ ಹೇಳು" ಎಂದರು. ಕ್ಲಾಸಿನಿಂದ ಇ-ಮೇಲ್ ಕಳಿಸಿದೆ, ಅಮ್ಮ ನಿನ್ನ ಜೊತೆ ಮಾತಾಡಬೇಕಂತೆ ಎಂದು.

ಭಾನುವಾರ ಫೋನ್ ರಿಂಗಾದಾಗ ಅತ್ತೆಯೇ ಓಡಿ ಹೋಗಿ ಎತ್ತಿದರು. ಎತ್ತಿ, ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಕನ್ನಡದಲ್ಲೇ ಶುರುಮಾಡಿದರು.

"ಕಾಯಿ ಚೆನ್ನಾಗಿ ಆಗಿದೆ ಕೂಸೇ. ನಿಂದು ತಪ್ಪಿಲ್ಲ, ಓದಿದ್ದು ನಮ್ದು ತಪ್ಪು. ಅವತ್ತು ನೀನು ಫೋನ್ ಮಾಡ್ದಾಗ ನಾನು ಮನೇಲೇ ಇದ್ದೆ. ನೀನು ಕೆಲಸ ಕೆಡಿಸಿದ್ದಿ ಅಂತ ಸಿಟ್ಟು ಬಂದಿತ್ತು, ಮಾತಾಡೂಕೆ ಮನಸ್ಸಾಗ್ಲಿಲ್ಲ." ಹೇಳಿ ಫೋನನ್ನು ನನ್ನ ಕಿವಿಗೆ ಹಿಡಿದರು. "ಹೇಳು ಅವಳಿಗೆ."

ಕಾಯಿ ಚೆನ್ನಾಗಿ ಬಂದಿದೆ, ಅಮ್ಮನಿಗೆ ತುಂಬ ಸಂತೋಷವಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿ ನಿಲ್ಲಿಸಿದೆ. ಅತ್ತೆಗೆ ಇಂಗ್ಲಿಷ್ ಬಾರದು, ಆದರೆ ನನ್ನ ಮುಖ ಓದಲು ಬರುತ್ತದೆ.

"ಅಷ್ಟೇ ಅಲ್ಲ ನಾನು ಹೇಳಿದ್ದು. ಪೂರ್ತಿ ಹೇಳು."

ಪೂರ್ತಿ ಹೇಳಿದೆ. ಆಮೇಲೆ ಹುಡುಗಿ ಮೆಲ್ಲಗೆ ಮಾತಾಡಿದಳು. ಅದನ್ನು ಅತ್ತೆಗೆ ಹೇಗೆ ಹೇಳುವುದೆಂದು ನಾನು ತಡವರಿಸಿದೆ.

"ಎಂತ ಅಂದ್ಳು?"

"ಅವಳಿಗೆ ಅವತ್ತೇ ಗೊತ್ತಿತ್ತಂತೆ ಅತ್ತೆ. ನೀವು 'ಇಲ್ಲ ಅನ್ನು' ಅಂದದ್ದು ಫೋನಲ್ಲಿ ಕೇಳಿಸಿತಂತೆ. ಅಷ್ಟು ಕನ್ನಡ ಅವಳಿಗೆ ಬರ್ತದೆ. ಅಮ್ಮನಿಗೆ ನಾನೇನು ಮಾಡಿದೆ ಅಂತ ಅವತ್ತಿಂದ ಯೋಚನೆ ಮಾಡ್ತಾ ಇದ್ಳಂತೆ."

ಅತ್ತೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, ಕನ್ನಡದಲ್ಲಿ ಒಂದೇ ಸಮನೆ ಮಾತಾಡಿದರು. ಅತ್ತ ಅವಳು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದಳು. ನನಗೆ ಎರಡೂ ಅರ್ಥವಾಗುತ್ತಿತ್ತು. ಅನುವಾದ ಮಾಡು ಎಂದು ಇಬ್ಬರೂ ಕೇಳಲಿಲ್ಲ.